ಗಾಳಿಯ ಎಡಮಂಡಿ

"ಮುಳ್ಳು ಚುಚ್ಚಿದೆ, ತೆಗೀರಿ. ಬೇಗ."

ಬೇಟೆನಾಯಿಯನ್ನು ಹೆಗಲ ಮೇಲೆ ಹೊತ್ತು ತಂದವನು ಪಶು ಆಸ್ಪತ್ರೆಯ ಸರದಿಯಲ್ಲಿದ್ದವರನ್ನೆಲ್ಲ ದಾಟಿ, ನೇರ ಡಾಕ್ಟರಮ್ಮನ ಮೇಜಿನ ಮೇಲೇ ಇಳಿಸಿದ.

ಅವಳ ಪಿತ್ತ ನೆತ್ತಿಗೇರಿತು. "ಹೊರಗೆ ಕೂತಿರೋರೇನು ನೊಣ ಹೊಡೆಯೋಕೆ ಬಂದಿದ್ದಾರಾ?"

"ಅವರ ನಾಯಿಗಳು ನೆಲಕ್ಕೆ ಕಾಲೂರಿವೆ. ನಮ್ಮ ಗಾಳಿ ಮೂರು ದಿನದಿಂದ ಊರಿಲ್ಲ."

ಅವಳು ನಾಯಿಯತ್ತ ಬಾಗಿದಳು. ಎಡ ಹಿಂಗಾಲಿನ ತೊಡೆಮೂಳೆಯನ್ನು ಒಂದು ಕೈಯಲ್ಲಿ ಹಿಡಿದು, ಕೆಳಗಿನ ಮೂಳೆಯನ್ನು ಮೆಲ್ಲಗೆ ಮುಂದೆ ತಳ್ಳಿದಳು. ಅದು ಮೇಜಿನ ಡ್ರಾಯರಿನಂತೆ ಜಾರಿತು. ನಾಯಿ ಕುಂಯ್ ಎನ್ನಲಿಲ್ಲ... ಹಲ್ಲು ಕಚ್ಚಿದವನು ಅವನು.

"ಮುಳ್ಳಲ್ಲ. ಮಂಡಿಯೊಳಗೆ ಎರಡು ಮೂಳೆ ಹಿಡಿದಿಡೋ ಲಿಗಮೆಂಟ್ ಹರಿದಿದೆ. ಓಡ್ತಾ ಗಕ್ಕನೆ ತಿರುಗಿರಬೇಕು."

"ಮೂರು ದಿನ ಬೆರಳ ಸಂದೀಲಿ ಮುಳ್ಳು ಹುಡುಕ್ತಾ ಕೂತಿದ್ದೆನಲ್ಲ..." ಅವನ ದನಿ ಒಡೆಯಿತು.

ಅವನು ಬೇಟೆಯ ಯಜಮಾನನೊಬ್ಬನ ಹದಿನೆಂಟು ನಾಯಿಗಳನ್ನು ಸಾಕುವ ಆಳು. ಗಾಳಿ ಆ ಹಿಂಡಿನ ಮುಂದಾಳು. ಹಾಗಾಗಿಯೇ ಯಜಮಾನ ಆಪರೇಷನ್ನಿಗೆ ಒಪ್ಪಿದ್ದ. ಬೇಟೆ ಶುರುವಾಗುವಷ್ಟರಲ್ಲಿ ಅದು ಓಡಬೇಕು, ಅಷ್ಟೇ ಅವನ ಲೆಕ್ಕ.

ಲಿಗಮೆಂಟ್ ಇಲ್ಲದೆಯೂ ಮಂಡಿ ಜಾರದಂತೆ ಅವಳು ಕೆಳಗಿನ ಮೂಳೆ ಕತ್ತರಿಸಿ, ಕೋನ ತಿದ್ದಿ, ಲೋಹದ ಪ್ಲೇಟು ಕೂರಿಸಿದಳು. ಆಮೇಲಿನದು ಅವನ ಕೆಲಸ. ಗಿಡ್ಡ ಹಗ್ಗ ಹಿಡಿದು ಐದೈದು ನಿಮಿಷ ನಡೆಸುವುದು, ಮಂಡಿಗೆ ಮಂಜುಗಡ್ಡೆ ಇಡುವುದು. ವಾರಕ್ಕೆರಡು ಸಲ ಬರಬೇಕಾದವನು ನಾಲ್ಕು ಸಲ ಬರತೊಡಗಿದ. ಅವಳೂ ಬೇಡವೆನ್ನಲಿಲ್ಲ. ಆಸ್ಪತ್ರೆ ಅವಳ ಸೋದರಮಾವನದು, ಆತ ಕನ್ನಡಕದ ಮೇಲಿಂದ ನೋಡಿ, "ಮಂಡಿ ನಾಯೀದಾ, ಅವನದಾ?" ಎಂದು ಕೆಣಕುತ್ತಿದ್ದ.

ಗಾಳಿ ಎಡಗಾಲಿಗೆ ಭಾರ ಬಿಡಲು ಹೆದರುತ್ತಿತ್ತು. ಅವಳು ಒಂದು ಉಪಾಯ ಹೇಳಿಕೊಟ್ಟಳು. ನಡೆಸುವಾಗ ಗಟ್ಟಿಯಿರುವ ಬಲ ಹಿಂಗಾಲಿನ ಪಾದದ ಅಡಿಗೆ ಬಾಟಲಿ ಮುಚ್ಚಳ ಇಟ್ಟು ಪಟ್ಟಿ ಸುತ್ತಬೇಕು. ಅದು ಚುಚ್ಚಿದಂತಾಗಿ ನಾಯಿ ತಾನಾಗಿ ಎಡಗಾಲೂರುತ್ತದೆ.

ಏಳನೆಯ ವಾರ ಅವಳು ಪಟ್ಟಿ ಬಿಚ್ಚಿದಾಗ, ಮುಚ್ಚಳ ಎಡಪಾದದ ಅಡಿಗಿತ್ತು.

"ಎಡ ಬಲ ಗೊತ್ತಾಗಲ್ವಾ ನಿಮಗೆ? ಇಷ್ಟು ದಿನದ ಶ್ರಮ ನೀರುಪಾಲು ಮಾಡ್ತೀರಾ?"

"ಗೊತ್ತಿದ್ದೇ ಹಾಕಿದೆ. ಇವತ್ತು ಬೆಳಿಗ್ಗೆ." ಅವನು ತಲೆ ತಗ್ಗಿಸಲಿಲ್ಲ. "ಯಜಮಾನರು ಈಗ ನೋಡೋಕೆ ಬರ್ತಾರೆ. ಇದು ಕುಂಟಿದ್ರೆ ಬೇಟೆಗೆ ಬೇಡ ಅಂತ ಬಿಟ್ಟುಬಿಡ್ತಾರೆ. ನೆಟ್ಟಗೆ ನಡೆದ್ರೆ ಭಾನುವಾರವೇ ಹಂದಿ ಹಿಂದೆ ಓಡಿಸ್ತಾರೆ."

"ನನಗೆ ಹೇಳಬಹುದಿತ್ತಲ್ಲ?"

"ಆಪರೇಷನ್ ನಿಮ್ಮದು. ಇದು ಓಡಿದ್ರೆ ಹೆಸರು ನಿಮಗೆ. ಓಡಿಸಬೇಡಿ ಅಂತ ನೀವು ಹೇಳ್ತೀರಾ?"

ಏಳು ವಾರ ಎದುರು ಕೂತು... ಇಷ್ಟೇನಾ ನನ್ನನ್ನು ಅರ್ಥ ಮಾಡಿಕೊಂಡದ್ದು? ಅವಳ ಕಣ್ಣು ಉರಿಯಿತು. ಪಟ್ಟಿಯೊಡನೆ ಮುಚ್ಚಳವನ್ನೂ ಕಸದ ಡಬ್ಬಿಗೆಸೆದಳು.

"ನನ್ನ ನಾಯಿ ಯಾರಿಗೂ ಹೆದರಿ ಕುಂಟಲ್ಲ."

"ನಿಮ್ಮ ನಾಯಿನಾ?"

"ಸುಮ್ನಿರಿ."

ಯಜಮಾನ ಬಂದ. ತುಂಬಿದ ಪಡಸಾಲೆಯಲ್ಲಿ ಗಾಳಿ ನೆಟ್ಟಗೆ ನಡೆಯಿತು.

"ಭೇಷ್. ಭಾನುವಾರ ಕರ್ಕೊಂಡು ಬಾರೋ."

"ಬರಲ್ಲ," ಎಂದಳು ಅವಳು. "ಮೂಳೆ ಇನ್ನೂ ಕೂಡಿಲ್ಲ. ಓಡಿಸಿದ್ರೆ ಪ್ಲೇಟು ಕಿತ್ತು ಬರುತ್ತೆ. ಕೂಡಿದ ಮೇಲೂ ಇದು ಬೇಟೆಗೆ ಬೇಡ. ಫೈಲಲ್ಲಿ ಹಾಗೇ ಬರೀತೀನಿ."

"ನಾಯಿ ನನ್ನದು ಕಣಮ್ಮ."

"ಮೋಜು ನಿಮ್ಮದು. ಮಂಡಿ ಅದರದು."

ಪಡಸಾಲೆಯಲ್ಲಿ ಬೆಕ್ಕು ಹಿಡಿದು ಕೂತಿದ್ದ ಅಜ್ಜಿಯೊಬ್ಬಳು ಕಿಸಕ್ಕೆಂದಳು. ಯಜಮಾನನ ಮುಖ ಕೆಂಪಾಯಿತು. "ನಿನ್ನ ಸೋದರಮಾವನ ಹತ್ರ ಮಾತಾಡ್ತೀನಿ."

"ಇಲ್ಲೇ ಇದ್ದೀನಲ್ಲ, ಮಾತಾಡಿ," ಎಂದ ಮಾವ. "ಆದ್ರೆ ಚಾಕು ಅವಳದು, ಸಹಿ ಅವಳದು. ನಂದೇನಿದ್ರೂ ಬಾಗಿಲ ಮೇಲಿನ ಬೋರ್ಡು."

ಯಜಮಾನ ಆಳಿನ ಕಡೆ ತಿರುಗಿದ. "ನಾಯಿ ಎತ್ಕೊಂಡು ನಡಿ."

ಅವನು ಅಲುಗಲಿಲ್ಲ. "ಇದು ನಡೀಲಿ ಅಂತ ಏಳು ವಾರ ಹೊತ್ತೆ. ನಿಮಗಾಗಿ ಮುರೀಲಿ ಅಂತಲ್ಲ. ಬೇರೆ ಆಳು ನೋಡ್ಕೊಳ್ಳಿ."

"ಓಡದ ನಾಯಿ, ಮಾತು ಕೇಳದ ಆಳು! ಎರಡೂ ಹಾಳಾಗಿ ಹೋಗ್ಲಿ." ಹಗ್ಗವನ್ನು ಅವನ ಎದೆಗೆಸೆದು ಯಜಮಾನ ಹೊರಟುಹೋದ.

ಪಡಸಾಲೆ ಖಾಲಿಯಾಗುವವರೆಗೂ ಅವನು ಗೋಡೆಗೊರಗಿ ನಿಂತಿದ್ದ.

"ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ. ಬಯ್ಯಿರಿ."

"ಬಯ್ಯೋಕೆ ಪುರುಸೊತ್ತಿಲ್ಲ. ಇನ್ನೂ ಐದು ವಾರ ನಡೆಸಬೇಕು."

"ಆಮೇಲೆ?"

ಅವಳು ಕೈ ತೊಳೆಯುತ್ತಾ, ತಿರುಗಿ ನೋಡದೆ ಹೇಳಿದಳು. "ಒಂದು ಮಂಡಿ ಹೋದ ನಾಯಿಗಳಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಇನ್ನೊಂದೂ ಹೋಗುತ್ತೆ. ಡಾಕ್ಟರು ಯಾವಾಗಲೂ ಹತ್ತಿರ ಇರಬೇಕು."

"ಎಷ್ಟು ಹತ್ತಿರ?"

ಅವಳು ನಲ್ಲಿ ನಿಲ್ಲಿಸಿದಳು.

"ಒಂದೇ ಮನೇಲಿದ್ರೆ... ಅನುಕೂಲ."