ತುಟಿಯಂಚಿನ ಗಾಳಿ

"ನನ್ನ ದನಿ ಎಲ್ಲಿ ಹೋಯ್ತು? ಅದನ್ನ ಮೊದಲು ಹೇಳಿ!"

ಅವನು ತುಟಿಗಿಟ್ಟು ಊದುವ ಲೋಹದ ಮೌತ್‌ಪೀಸನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಬಿತ್ತು. ಊದುವ ವಾದ್ಯಗಳನ್ನು ರಿಪೇರಿ ಮಾಡುವ ಆ ಇಕ್ಕಟ್ಟಾದ ಅಂಗಡಿಯಲ್ಲಿ ಯಾರೂ ಹೀಗೆ ಕೂಗಿದ್ದಿಲ್ಲ.

"ತೂತು ಮುಚ್ಚೋ ಪ್ಯಾಡ್ ಬದಲಾಯಿಸೋಕೆ ಸ್ಯಾಕ್ಸೋಫೋನ್ ಕೊಟ್ಟಿದ್ದೆ. ವಾಪಸ್ ತಗೊಂಡು ಹೋದಾಗಿಂದ ಒಂದು ಸ್ವರ ನೆಟ್ಟಗೆ ನಿಲ್ತಿಲ್ಲ. ಈ ಮೌತ್‌ಪೀಸನ್ನ ಯಾರು ಮುಟ್ಟಿದ್ದು?"

"ನಾನೇ. ಬರೀ ತೊಳೆದಿದ್ದೆ, ಅಷ್ಟೇ..."

"ತೊಳೆದ್ರೆ ಹೀಗಾಗುತ್ತಾ?"

ಅಂಗಡಿಯ ಯಜಮಾನರಾದ ಅವಳ ಸೋದರಮಾವ ಕನ್ನಡಕದ ಮೇಲಿಂದ ನೋಡಿ ಗೊಣಗಿದರು, "ಬಂತಪ್ಪಾ ಬಿರುಗಾಳಿ."

ಅವಳು ಮೌತ್‌ಪೀಸನ್ನು ಒಳಗೆ ಒಯ್ದಳು. ಅದರ ತುದಿಗೂ, ಅದಕ್ಕೆ ಬಿಗಿಯುವ ರೀಡ್ ಎಂಬ ಜೊಂಡಿನ ತೆಳು ಪಟ್ಟಿಗೂ ನಡುವೆ ಇರುವ ಸಂದಿಯೇ ಸ್ಯಾಕ್ಸೋಫೋನಿನ ಜೀವ. ಸಂದಿ ದೊಡ್ಡದಾದರೆ ಸದ್ದು ಅಬ್ಬರಿಸುತ್ತದೆ, ಆದರೆ ತುಟಿಗೆ ಅಷ್ಟೇ ಬಲ ಬೇಕು. ಕಿರಿದಾದರೆ ಪಿಸುಗುಡುತ್ತದೆ. ಅವಳು ಎರಡು ಸಲ ಅಳೆದಳು. ಇರಬೇಕಾದ ಅಳತೆಗೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ!

ಅದನ್ನೇ ಹೇಳಲು ಹೊರಗೆ ಬಂದವಳು ಹಾಗೇ ನಿಂತುಬಿಟ್ಟಳು.

ಅವನು ತನ್ನ ಸ್ಯಾಕ್ಸೋಫೋನಿಗೆ ಅಂಗಡಿಯ ಇನ್ನೊಂದು ಮೌತ್‌ಪೀಸ್ ಹಾಕಿಕೊಂಡು, ಕಣ್ಣು ಮುಚ್ಚಿ ಊದುತ್ತಿದ್ದ. ಸ್ವರ ಎದ್ದಿತು... ನಡುಗಿತು. ಅವನ ತುಟಿಯ ಎಡ ಅಂಚು ಅದುರುತ್ತಿತ್ತು. ಅಲ್ಲಿಂದ ಗಾಳಿ ಸೋರುತ್ತಿತ್ತು.

'ಅಯ್ಯೋ ದೇವರೇ... ಅಪ್ಪನಿಗೂ ಹೀಗೇ ಶುರುವಾಗಿದ್ದು!'

ಅವಳ ಅಪ್ಪ ಕ್ಲಾರಿನೆಟ್ ನುಡಿಸುತ್ತಿದ್ದರು. ಉಣ್ಣುವಾಗ, ಮಾತಾಡುವಾಗ ಸರಿಯಾಗಿದ್ದ ತುಟಿ, ಊದುವಾಗ ಮಾತ್ರ ಹೇಳಿದ ಮಾತು ಕೇಳದಾಯಿತು. 'ಮೊದಲಿನ ಹಾಗೆ ಆಗೋದು ಕಷ್ಟ' ಎಂದು ಡಾಕ್ಟರ್ ಹೇಳಿದ ದಿನವೇ ಅಪ್ಪ ವಾದ್ಯದ ಪೆಟ್ಟಿಗೆ ಮುಚ್ಚಿದರು. ಮೆಲ್ಲಗೆ ಮಾತೂ ನಿಂತಿತು. ಏಳು ವರ್ಷ ಕಿಟಕಿಯ ಪಕ್ಕ ಕೂತಿದ್ದು, ಒಂದು ದಿನ ಹಾಗೇ ಹೋಗಿಬಿಟ್ಟರು.

"ಅಳತೆ ಸರಿ ಇದೆಯಾ?" ಅವನು ಕೇಳಿದ.

"ಇನ್ನೂ... ನೋಡ್ಬೇಕು. ನಾಳೆ ಬನ್ನಿ."

ಆ ನಾಳೆ ಐದು ವಾರ ಬೆಳೆಯಿತು. ಪ್ರತಿ ಮಧ್ಯಾಹ್ನ ಅವನು ಬರುತ್ತಿದ್ದ. ಗಟ್ಟಿ ರಬ್ಬರಿನ ಕಪ್ಪು ಮೌತ್‌ಪೀಸಿನಲ್ಲಿ ಸದ್ದು ದುಂಡಗೆ, ಮಂಕಾಗಿ ಬರುತ್ತಿತ್ತು. ಲೋಹದ್ದರಲ್ಲಿ ಚೂಪಾಗಿ. ರೀಡನ್ನು ಬಿಗಿಯುವ ಪಟ್ಟಿ ಚರ್ಮದ್ದಾದರೆ ಒಂದು ಬಗೆ, ಹಿತ್ತಾಳೆಯದಾದರೆ ಇನ್ನೊಂದು. ಎಲ್ಲವನ್ನೂ ಇಬ್ಬರೂ ಸೇರಿ ಪರೀಕ್ಷಿಸಿದರು.

"ಈ ರೀಡ್ ಹಸಿ ಸೌದೆ ಥರ ಇದೆ," ಎಂದು ಒಮ್ಮೆ ಸಿಡುಕಿದ.

"ನಿಮ್ಮ ಕೋಪದ ಥರಾನೇ. ಬೆಂಕಿಗಿಂತ ಹೊಗೆ ಜಾಸ್ತಿ."

ಅವನು ನಕ್ಕುಬಿಟ್ಟ. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ತಿಳಿಯಲಿಲ್ಲ. ಒಂದು ದಿನ ಅವಳು ರೀಡ್ ಬಿಗಿಯುತ್ತಿದ್ದಾಗ ಅವನು ಅವಳ ಮಣಿಕಟ್ಟು ಹಿಡಿದ. ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ. ಆದರೆ ಅವಳ ಕಣ್ಣು ಮಾತ್ರ ಮತ್ತೆ ಮತ್ತೆ ಆ ಎಡ ಅಂಚಿಗೇ ಹೋಗುತ್ತಿತ್ತು. 'ಇವತ್ತು ಹೇಳ್ತೀನಿ' ಅಂದುಕೊಳ್ಳುತ್ತಿದ್ದಳು. ಕಿಟಕಿಯ ಪಕ್ಕದ ಅಪ್ಪ ನೆನಪಾಗುತ್ತಿದ್ದರು. ಹೇಳುವ ಬದಲು ಇನ್ನೊಂದು ರೀಡ್ ಎತ್ತಿಕೊಡುತ್ತಿದ್ದಳು.

ಐದನೇ ವಾರದ ಭಾನುವಾರ ಅವನ ತಂಡದ ಜಾಝ್ ಕಛೇರಿಯಿತ್ತು. ಅವಳು ಕೊನೆಯ ಸಾಲಿನಲ್ಲಿ ಕೂತಿದ್ದಳು. ಅವನೊಬ್ಬನೇ ನುಡಿಸುವ ಭಾಗ ಬಂತು. ನೀಳ ಸ್ವರವೊಂದು ಅರ್ಧದಲ್ಲೇ ಒಡೆಯಿತು. ಮತ್ತೆ ಊದಿದ, ಮತ್ತೆ ಒಡೆಯಿತು. ಮೂರನೇ ಸಲ ಬರೀ ಗಾಳಿ... ಯಾರೋ ಕೆಮ್ಮಿದರು. ಅವನು ತಲೆ ತಗ್ಗಿಸಿ ವೇದಿಕೆಯಿಂದ ಇಳಿದುಹೋದ.

ಹುಡುಕಿಕೊಂಡು ಬಂದ ಅವಳನ್ನು ಹಿಂದಿನ ಮೆಟ್ಟಿಲ ಬಳಿ ತಡೆದ.

"ನನ್ನ ಕಣ್ಣು ನೋಡಿ ಹೇಳು. ಆವತ್ತು ಮೌತ್‌ಪೀಸಿನ ತುದಿಯನ್ನ ನೀನು ಅರದಿಂದ ಉಜ್ಜಿದ್ದೆ ತಾನೇ?"

ಆ ಕಣ್ಣಲ್ಲಿ ಕೋಪವಿರಲಿಲ್ಲ. ಮೊರೆಯಿತ್ತು. 'ತಪ್ಪು ಲೋಹದ್ದಾದರೆ ಇವನು ಬದುಕ್ತಾನೆ. ಹೌದು ಅಂದುಬಿಡು...'

"ಹೌದು. ಉಜ್ಜಿದೆ. ಹೇಳೋಕೆ ಹೆದರಿಕೆ ಆಯ್ತು."

"ಐದು ವಾರ ಪಕ್ಕದಲ್ಲೇ ಕೂತು ನನ್ನ ಬಾಯಿಗೆ ಮಣ್ಣು ಹಾಕಿದ್ಯಲ್ಲೇ!"

ಅವನು ತಿರುಗಿ ನೋಡದೆ ಹೊರಟುಹೋದ.

ಇಪ್ಪತ್ತು ದಿನ ಕಳೆದವು. ತಂಡಕ್ಕೆ ಬೇರೊಬ್ಬ ಬಂದನೆಂದೂ, ಇವನು ಹೊಸ ಹೊಸ ಮೌತ್‌ಪೀಸ್ ಕೊಳ್ಳುತ್ತಲೇ ಇದ್ದಾನೆಂದೂ ಸುದ್ದಿ ಬಂತು. ಅವಳು ತಡೆಯಲಾರದೆ ಮಾವನ ಮುಂದೆ ಎಲ್ಲವನ್ನೂ ಹೇಳಿ ಅತ್ತಳು.

ಮಾವ ಕೈಯಲ್ಲಿದ್ದ ಅರವನ್ನು ಕೆಳಗಿಟ್ಟರು. "ನಿಮ್ಮಪ್ಪನ್ನ ಮುಳುಗಿಸಿದ್ದು ಡಾಕ್ಟರ ಮಾತಲ್ಲ ಪುಟ್ಟಿ. ಆಮೇಲೆ ನಾವ್ಯಾರೂ ಅದರ ಸುದ್ದೀನೇ ಎತ್ತಲಿಲ್ವಲ್ಲ, ಅದು. ಹೋಗು. ಹೋಗಿ ಹೇಳು."

ಮೂರನೇ ಮಹಡಿಯ ಅವನ ಕೋಣೆಯ ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಎಂಟು ಮೌತ್‌ಪೀಸ್‌ಗಳು, ಸೀಳಿದ ರೀಡ್‌ಗಳು. ಅವನ ಕೆಳತುಟಿ ಊದಿಕೊಂಡು ಕಪ್ಪಾಗಿತ್ತು.

"ಯಾಕೆ ಬಂದೆ?"

"ನಾನು ಉಜ್ಜಿಲ್ಲ," ಒಂದೇ ಉಸಿರಿಗೆ ಹೇಳಿದಳು. "ಮೊದಲ ದಿನಾನೇ ಅಳೆದಿದ್ದೆ. ತೊಂದರೆ ಇರೋದು... ನಿನ್ನ ತುಟಿಯಲ್ಲಿ. ಅಪ್ಪನಿಗೂ ಹೀಗೇ ಆಗಿತ್ತು. ನೀನೂ ಅವರ ಹಾಗೇ ಆಗಿಬಿಟ್ರೆ ಅಂತ..."

ಅವನು ಗೋಡೆಯ ಕಡೆ ತಿರುಗಿದ. ಅಲ್ಲಿಂದಲೇ ಹೇಳಿದ.

"ಗೊತ್ತಿತ್ತು ಕಣೇ."

"ಏನು?"

"ನಿಮ್ಮ ಅಂಗಡಿಗೆ ಬರೋ ಮುಂಚೇನೇ ಶುರುವಾಗಿತ್ತು. ಮೊದಲು ಪ್ಯಾಡ್ ಮೇಲೆ ತಪ್ಪು ಹೊರಿಸ್ದೆ. ಆಮೇಲೆ ನಿನ್ನ ಮೇಲೆ. ನೀನು ಹೌದು ಅಂದದ್ದು ಸುಳ್ಳು ಅಂತಾನೂ ಗೊತ್ತಿತ್ತು... ಆದ್ರೂ ಅದನ್ನೇ ಹಿಡ್ಕೊಂಡೆ. ಕ್ಷಮಿಸ್ತೀಯಾ?"

ಅವಳು ಕಣ್ಣೊರೆಸಿಕೊಂಡು, ಮೇಜಿನ ಮೇಲಿದ್ದವುಗಳಲ್ಲಿ ತೀರ ಕಿರಿದಾದ ಸಂದಿಯ ಕಪ್ಪು ಮೌತ್‌ಪೀಸ್ ಆರಿಸಿದಳು. ಅದಕ್ಕೆ ಎಲ್ಲಕ್ಕಿಂತ ಮೆತ್ತನೆಯ ರೀಡ್ ಬಿಗಿದಳು.

"ಡಾಕ್ಟರ್ ಹತ್ರ ನಾನೂ ಬರ್ತೀನಿ. ಹಳೇ ದನಿ ವಾಪಸ್ ಬರುತ್ತೆ ಅಂತ ಹೇಳಲ್ಲ. ಸುಳ್ಳು ಹೇಳಿ ಸಾಕಾಗಿದೆ. ಇದಕ್ಕೆ ತುಟಿಯ ಬಲ ಅಷ್ಟು ಬೇಡ. ದೊಡ್ಡ ಸಭೆ ತುಂಬಲ್ಲ... ಈ ಕೋಣೆ ತುಂಬಬಹುದು."

ಅವನು ಊದಿದ. ಸ್ವರಕ್ಕಿಂತ ಉಸಿರೇ ಹೆಚ್ಚು. ತುಟಿಯಂಚು ಅದುರಿತು. ಆದರೂ ತಗ್ಗಿನ ಸ್ವರವೊಂದು ಮೂರು ಎಣಿಸುವಷ್ಟು ಹೊತ್ತು ನಿಂತು, ಆರಿತು.

"ಇಷ್ಟೇ," ಅವನೆಂದ. "ಇದನ್ನ ಯಾರು ಕೇಳ್ತಾರೆ?"

"ನಾನು."

"ಎಷ್ಟು ದಿನ?"

ಅವಳು ಕುರ್ಚಿ ಎಳೆದುಕೊಂಡು ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತಳು. "ಇರೋಷ್ಟು ದಿನ. ನಿನ್ನನ್ನ ಪ್ರೀತಿಸ್ತೀನಿ ಕಣೋ."

ಅವನ ಕಣ್ಣು ತುಂಬಿತು. "ನಾನೂ ಕಣೇ... ನಿಜ ಹೇಳು, ಈಗ ಸದ್ದು ಹೇಗಿತ್ತು?"

"ಚೆನ್ನಾಗಿರಲಿಲ್ಲ," ಅವಳು ಅಳುತ್ತಲೇ ನಕ್ಕಳು. "ಇನ್ನೊಂದ್ಸಲ ಊದು."