ಚೀಟಿ ಎತ್ತುವ ಯಂತ್ರ

ಕಳೆದ ಸಲ ಮಳಿಗೆ ಹಂಚಿದಾಗ ಹಾಲಸ್ವಾಮಿಯ ಹೆಸರಿನ ಚೀಟಿ ಡಬ್ಬಿಗೇ ಬಿದ್ದಿರಲಿಲ್ಲ. ಕೇಳಿದ್ದಕ್ಕೆ ಹೊಸದುರ್ಗದ ಮಾರುಕಟ್ಟೆ ಸಂಘದ ಅಧ್ಯಕ್ಷ ಗೋವಿಂದಪ್ಪ ನಕ್ಕಿದ್ದರು: “ರೇಡಿಯೋ ರಿಪೇರಿಗೆ ನಿಮ್ಮನೆ ಜಗುಲಿ ಸಾಲ್ದೇನಪ್ಪ?”

1978ರಲ್ಲಿ ಮೂಲೆಯ ಮಳಿಗೆ ಖಾಲಿಯಾಯಿತು. ಅಷ್ಟರಲ್ಲಿ ಹಾಲಸ್ವಾಮಿಯ ಮೊದಲ ಪ್ರೋಗ್ರಾಂ ಸಿದ್ಧವಾಗಿತ್ತು. ಮುಂಬಯಿಯಿಂದ ತರಿಸಿದ ಕ್ಯಾಲ್ಕುಲೇಟರು, ತನಗೆ ಕೊಟ್ಟ ಆದೇಶಗಳನ್ನು ಒಂದಾದ ಮೇಲೊಂದು ತಾನೇ ನಡೆಸುತ್ತಿತ್ತು. ಒಬ್ಬನೇ ಕೂತು ಎರಡು ವರ್ಷ ತಿದ್ದಿದ ಆ ಆದೇಶಗಳೆಲ್ಲ ಬೆರಳುದ್ದದ ಒಂದು ಕಾರ್ಡಿನಲ್ಲಿದ್ದವು. ಸಭೆಯಲ್ಲಿ ಯಾರಾದರೂ ಮನಸ್ಸಿಗೆ ಬಂದ ಅಂಕಿ ಒತ್ತಬೇಕು. ಯಂತ್ರ ಅದನ್ನು ಗುಣಿಸಿ, ಭಾಗಿಸಿ ಒಂದು ಅರ್ಜಿಯ ಸಂಖ್ಯೆ ತೋರಿಸುತ್ತದೆ; ಮಳಿಗೆ ಆ ಅರ್ಜಿಗೆ. ಚೀಟಿ ಬೇಡ, ಡಬ್ಬಿ ಬೇಡ. ಮುಂದೆ ಹೊಳಲ್ಕೆರೆ, ಹಿರಿಯೂರಿನ ಸಂಘಗಳಿಗೂ ಮಾರಬಹುದು. ಗೋವಿಂದಪ್ಪನವರೇ ಒಪ್ಪಿದರು.

ಆಮೇಲೆ ಅವನು ಒಂದೇ ಸಾಲು ಬದಲಿಸಿದ. ಒತ್ತಿದ ಅಂಕಿಯನ್ನು ಯಂತ್ರ ತೆಗೆದುಕೊಂಡು ಬಿಸಾಡುತ್ತದೆ. ತನ್ನೊಳಗೆ ಅಡಗಿಸಿಟ್ಟ ಅಂಕಿಯಿಂದ ಶುರುಮಾಡಿ ಮೊದಲಿಗೆ ಇಪ್ಪತ್ತಮೂರು, ಆಮೇಲೆ ಬೇರೆ ಬೇರೆ ಸಂಖ್ಯೆ ತೋರಿಸುತ್ತದೆ. ಇಪ್ಪತ್ತಮೂರನೆಯ ಅರ್ಜಿ ಬಿ.ದುರ್ಗದ ಮುದ್ದಪ್ಪನದು; ಮಳಿಗೆ ಸಿಕ್ಕಮೇಲೆ ಹಾಲಸ್ವಾಮಿಗೆ ಬಿಟ್ಟುಕೊಡಲು ಒಪ್ಪಿದ್ದ ಗೆಳೆಯ. ಅನುಮಾನ ಬಾರದಿರಲೆಂದು ನಿಯಮವನ್ನೂ ತಾನೇ ಬರೆದ: ಪ್ರತಿ ಸಲ ಯಂತ್ರ ಆಫ್ ಮಾಡಿ ಕಾರ್ಡು ಹೊಸದಾಗಿ ಹಾಕಬೇಕು, ಗುಂಡಿಯನ್ನು ಬೇರೆಯವರೇ ಒತ್ತಬೇಕು.

ವಾರವಿಡೀ ಕೂತಲ್ಲಿ ಕೂರಲಾಗಲಿಲ್ಲ. ಊಟದ ನಡುವೆ ಎದ್ದುಹೋಗಿ ಕಾರ್ಡು ಹಾಕಿ ಒತ್ತಿ ನೋಡುವನು: ಇಪ್ಪತ್ತಮೂರು. ಅಂಗಳದಲ್ಲಿ ತಾಯಿ ಗಿರಿಯಮ್ಮ ತೆಂಗಿನಕಾಯಿ ಎಣಿಸುತ್ತಿದ್ದಳು. ಮೊದಲ ಕಾಯಿಯನ್ನು ಹಾಲುರಾಮೇಶ್ವರನ ಹೆಸರಿಗೆ ಪಕ್ಕಕ್ಕಿಟ್ಟು, ಎರಡನೆಯದಕ್ಕೆ ಒಂದು ಎನ್ನುತ್ತಿದ್ದಳು.

“ಅದೇನ್ ಕುಟ್ತೀಯ ಲೇ, ಉಂಡಾದ್ರೂ ಏಳು,” ಎಂದಳು.

ಅವನು ಕಾರ್ಡು ಹೊಸದಾಗಿ ಹಾಕಿ ಮತ್ತೆ ಒತ್ತಿದ. ಇಪ್ಪತ್ತಮೂರು.

ಸಭೆಯಲ್ಲಿ ಕುರಿ ವ್ಯಾಪಾರಿ ಜುಂಜಪ್ಪ ಮುಂದೆ ಬಂದು ಏಳು ಒತ್ತಿದ. ಕೆಂಪು ಅಂಕಿ ಹೊಳೆಯಿತು: ಇಪ್ಪತ್ತಮೂರು. ಹಿಂದಿನ ಸಾಲಿನಲ್ಲಿ ಮುದ್ದಪ್ಪ ಎದ್ದು ಕೈಮುಗಿದ. ಬೆಳಗಿನಿಂದ ಕುಣಿಯುತ್ತಿದ್ದ ಹಾಲಸ್ವಾಮಿಯ ಕಾಲು ನಿಂತಿತು.

“ಕುಂತ್ಕಳ್ರಿ ಮುದ್ದಪ್ಪ,” ಎಂದರು ಗೋವಿಂದಪ್ಪ. “ಮೊದಲ್ನೇದು ಯಾವತ್ತೂ ದೇವರ್ದು. ಈಗ ಶುರು ಮಾಡಾಣ.” ಹಾಲಸ್ವಾಮಿ ಬರೆದ ನಿಯಮದಂತೆಯೇ ಯಂತ್ರ ಆಫ್ ಆಯಿತು, ಕಾರ್ಡು ಮತ್ತೆ ಒಳಹೋಯಿತು. ಜುಂಜಪ್ಪ ಈ ಸಲ ನಲವತ್ತೊಂದು ಒತ್ತಿ, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. “ದೇವರ್ಗೂ ಇಪ್ಪತ್ಮೂರೇ ಬಂದಿತ್ತು, ನಮಗೂ ಇಪ್ಪತ್ಮೂರೇ ಐತೆ,” ಎಂದು ಹಾಲಸ್ವಾಮಿಯ ಕಡೆ ತಿರುಗಿದ. “ಇನ್ನೊಂದ್ಸಲ ಒತ್ಲೇನಪ್ಪ?”