ತಣ್ಣಗಿಟ್ಟ ಚರ್ಮ

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಡಚ್ ಪಟ್ಟಣ ಕಾಪೆಲ್ಲೆ ಆನ್ ಡೆನ್ ಐಸೆಲ್‌ನ ಪೊಲೀಸ್ ಠಾಣೆಗೆ ದೂರು ಬಂತು. ರೋಬೋಟ್ ಕಂಪನಿಯೊಂದರ ಫ್ರೀಜರಿನಿಂದ, ಯಂತ್ರದ ಕೈಗೆ ತೊಡಿಸುವ ಬೆಳಗುವ ಕೃತಕ ಚರ್ಮ ಕಾಣೆಯಾಗಿತ್ತು. ಹಿಂದಿನ ವಾರ ಆ ಕೈ ಸಂಶೋಧಕಿ ನಿಹಾರಿಕಾಳ ಮಣಿಕಟ್ಟು ಹಿಡಿದು ಮುರಿದಿತ್ತು. ಅವಳೇ ಕೈ ಎಳೆದುಕೊಂಡಳು, ತಪ್ಪು ಅವಳದೇ ಎನ್ನುತ್ತಿತ್ತು ಕಂಪನಿ. ಅವಳ ಕೆಲಸ ಉಳಿಯುವುದೋ ಹೋಗುವುದೋ ಬುಧವಾರದ ವಿಚಾರಣೆಯಲ್ಲಿ ತೀರ್ಮಾನವಾಗಲಿತ್ತು.

ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ನಿಹಾರಿಕಾ ಮತ್ತು ಅವಳ ಸಹೋದ್ಯೋಗಿ ಶರಣ್ ಬಳಿ ಮಾತ್ರ. ಇನ್‌ಸ್ಪೆಕ್ಟರ್ ಸಂಪ್ರೀತಾ, ಉಡುಪಿಯಿಂದ ಬಂದವರ ಮಗಳು, ಇಲ್ಲೇ ಹುಟ್ಟಿ ಬೆಳೆದವಳು, ಮೊದಲು ನಿಹಾರಿಕಾಳನ್ನು ಕೂರಿಸಿಕೊಂಡು ಕನ್ನಡದಲ್ಲೇ ಕೇಳಿದಳು.

“ಸಾಕ್ಷಿ ಮುಚ್ಚಿಹಾಕೋಕೆ ತಗೊಂಡ್ರಾ?”

“ನಂಗಿರೋ ಸಾಕ್ಷಿ ಅದೊಂದೇ ಮೇಡಂ!” ಪ್ಲಾಸ್ಟರಿನ ಕೈ ಮೇಜಿಗೆ ತಗುಲಿ ನಿಹಾರಿಕಾ ಮುಖ ಕಿವುಚಿದಳು. “ಆ ಚರ್ಮದಲ್ಲಿ ಬೆಳಕು ತುಂಬಿಟ್ಟಿರ್ತೀವಿ. ಒತ್ತಿದ ಕಡೆ ಅದು ಹೊರಗೆ ಬರುತ್ತೆ. ಎಷ್ಟು ಗಟ್ಟಿಯಾಗಿ ಹಿಡಿದಿದೀನಿ ಅಂತ ರೋಬೋಟಿಗೆ ಗೊತ್ತಾಗೋದೇ ಹಾಗೆ. ಒತ್ತಿದ ಗುರುತು ಚರ್ಮದಲ್ಲಿ ಉಳಿಯುತ್ತೆ, ತಪ್ಪು ನಂದಲ್ಲ ಅಂತ ಅದೇ ತೋರಿಸುತ್ತೆ. ಬಿಸಿ ತಾಗಿದ್ರೆ ಎಲ್ಲಾ ಅಳಿಸಿಹೋಗುತ್ತೆ, ಅದಕ್ಕೇ ಫ್ರೀಜರು.”

ನೋವಿನಲ್ಲಿದ್ದವಳನ್ನು ಕಳ್ಳಿಯಂತೆ ಕೂರಿಸಿದ್ದು ಸಂಪ್ರೀತಾಳಿಗೆ ಚುಚ್ಚಿತು.

“ಹೀಟರ್ ಮೇಲಿಟ್ಟಿದ್ರೆ ಕೆಲಸ ಮುಗೀತಿತ್ತು,” ಎಂದ ಪೇದೆ ಯೊರಿಸ್, ಹೊರಗೆ ಬಂದ ಮೇಲೆ ಸಂಪ್ರೀತಾ ಅದನ್ನೆಲ್ಲ ಡಚ್ಚಿನಲ್ಲಿ ಹೇಳಿದಾಗ. “ಹೊತ್ಕೊಂಡು ಹೋಗೋ ಕಷ್ಟ ಯಾಕೆ?”

“ಕದ್ದವರಿಗೆ ಅಳಿಸೋಕೆ ಮನಸ್ಸು ಬಂದಿಲ್ಲ, ಎಲ್ಲೋ ತಣ್ಣಗೇ ಇಟ್ಟಿರ್ತಾರೆ. ಇನ್ನೊಂದು ಕೀಲಿ ಶರಣ್ ಹತ್ರ ಇದೆ, ಅವನ ಮನೆ ಫ್ರೀಜರ್ ನೋಡೋಣ.”

ಶೋಧನೆಯ ಅನುಮತಿ ಪಡೆದು ಮಧ್ಯಾಹ್ನ ಶರಣ್ ಮನೆಯ ಬಾಗಿಲು ತಟ್ಟಿ, ಫ್ರೀಜರ್ ತೋರಿಸಿ ಎಂದರು. “ಅದ್ರಾಗ ಶೇಂಗಾ ಹೋಳಿಗಿ ಅದಾವ್ರಿ, ಅವನ್ನೂ ಜಪ್ತಿ ಮಾಡ್ತೀರೇನು?” ಎಂದಳು ಶರಣ್‌ನ ಹೆಂಡತಿ ದೀಕ್ಷಾ. ಹೋಳಿಗೆಯ ಡಬ್ಬಿಯ ಕೆಳಗೆ, ಕಪ್ಪು ಚೀಲದಲ್ಲಿ ಚರ್ಮ ಸಿಕ್ಕಿತು. ಯೊರಿಸ್ ಮಹಜರು ಬರೆಯತೊಡಗಿದ. ದೀಕ್ಷಾ ಹಿಂದೆ ನಿಂತಿದ್ದ ಗಂಡನ ಮುಖ ನೋಡಿದಳು.

“ವಕೀಲರು ಬರೋವರೆಗೂ ನೀವು ಏನೂ ಹೇಳಬೇಕಾಗಿಲ್ಲ,” ಎಂದಳು ಸಂಪ್ರೀತಾ.

“ಬ್ಯಾಡ್ರಿ.” ಶರಣ್ ನೆಲ ನೋಡುತ್ತಿದ್ದ. “ಮೈ ಕಾವಿಗೂ ಬೆಳಕು ಸೋರತೈತ್ರಿ. ಅದನ್ನ ಲೆಕ್ಕಕ್ಕ ಹಿಡಿಯೋದು ನನ್ನ ಕೆಲಸ. ರೋಬೋಟಿನ ಕೈ ಜಲ್ದಿ ಓಡ್ಲಿ ಅಂತ ಆ ಲೆಕ್ಕ ಬಂದ್ ಮಾಡಿದ್ದೆ, ತಿರುಗಿ ಚಾಲೂ ಮಾಡೋದು ಮರ್ತೆ. ಆಕಿ ಕೈ ಬೆಚ್ಚಗಿತ್ತು, ಒತ್ತೋ ಮೊದ್ಲೇ ಬೆಳಕು ಸೋರಿಹೋತು, ಆ ಸೋರಿದ ಗುರುತು ಇದ್ರಾಗ ಐತಿ. ಇನ್ನೂ ಹಿಡದಿಲ್ಲ ಅಂದ್ಕೊಂಡು ರೋಬೋಟ್ ಹಿಚುಕ್ತು.”

“ಇದನ್ನ ಕಾಯಿಸಿಬಿಡಬಹುದಿತ್ತಲ್ಲ?”

“ಒಲಿ ಹಚ್ಚಿದ್ದೆ. ಇಡಾಕ ಆಗ್ಲಿಲ್ಲ.”

“ತಂದುಕೊಡಬಹುದಿತ್ತು.”

“ಅದೂ ಆಗ್ಲಿಲ್ರಿ.”

ವರದಿಯಲ್ಲಿ ಕಾರಣದ ಮುಂದೆ ಸಂಪ್ರೀತಾ ‘ಭಯ’ ಎಂದು ಬರೆದಳು. ಬರೀ ಭಯವಾಗಿದ್ದರೆ ಆ ಚರ್ಮ ಉಳಿಯುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ಬರೆಯಲು ಅಲ್ಲಿ ಜಾಗವಿರಲಿಲ್ಲ.

ಬಾಗಿಲಲ್ಲಿ ಶರಣ್ ಎರಡೂ ಕೈ ಮುಂದೆ ಚಾಚಿದ. ಬೇಡಿ ಬೇಕಿಲ್ಲ ಎಂದ ಯೊರಿಸ್. ಶರಣ್ ಕಾರಿನವರೆಗೂ ಆ ಕೈಗಳನ್ನು ಇಳಿಸಲಿಲ್ಲ.